ಯಂತ್ರ ಕೊಟ್ಟರೆ ಮುಗಿಯಿತೇ?

ಆಸ್ಪತ್ರೆಗೆ ಯಂತ್ರ ಕೊಡುವುದೆಂದರೆ ನಮ್ಮಲ್ಲಿ ಅದೊಂದು ದೊಡ್ಡ ಕಾರ್ಯಕ್ರಮ. ವೇದಿಕೆ, ರಿಬ್ಬನ್, ಸಾಲಾಗಿ ಗಣ್ಯರು, ಮರುದಿನ ಪತ್ರಿಕೆಯಲ್ಲಿ ಫೋಟೊ. ಎರಡು ವರ್ಷ ಕಳೆದ ಮೇಲೆ ಆ ಯಂತ್ರ ಹೇಗಿದೆ ಎಂದು ನೋಡಲು ಹೋದವರು ನಮ್ಮಲ್ಲಿ ಎಷ್ಟು ಮಂದಿ? ಬೆಡ್‌ಶೀಟ್ ಹೊದ್ದು ಮೂಲೆಯಲ್ಲಿ ಕೂತಿರುವ ಯಂತ್ರಗಳನ್ನು ನಾವೆಲ್ಲ ಕಂಡಿದ್ದೇವೆ. ವಿಚಾರಿಸಿದರೆ ‘ಪಾರ್ಟ್ಸ್ ಬರಬೇಕಷ್ಟೆ’ ಎಂಬ ಉತ್ತರ.

ಈಗ ನಮ್ಮ ದಾನ ಊರಿನ ಗಡಿ ದಾಟಿದೆ. ಆಫ್ರಿಕಾದ ಬಡ ಆಸ್ಪತ್ರೆಗಳಿಗೆ ಶಸ್ತ್ರಚಿಕಿತ್ಸೆಯ ಉಪಕರಣ ಬೇಕೆಂಬ ಮನವಿಗಳು ಗಲ್ಫ್‌ನಲ್ಲಿ ದುಡಿಯುವ ನಮ್ಮವರ ಮೊಬೈಲಿಗೂ ಬರುತ್ತವೆ. ‘ಇಲ್ಲಿಯ ಬಡವರು ಸಾಲದೇ ಮಾರಾಯ್ರೆ?’ ಎಂದು ಕೇಳುವವರಿದ್ದಾರೆ. ತಪ್ಪು ಪ್ರಶ್ನೆಯಲ್ಲ. ಆದರೆ 2021ರ ಮೇ ತಿಂಗಳನ್ನು ಮರೆಯಬಾರದು. ನಾವು ಉಸಿರಿಗಾಗಿ ಪರದಾಡುತ್ತಿದ್ದಾಗ ಬಹರೈನ್‌ನಿಂದ 40 ಟನ್ ದ್ರವ ಆಮ್ಲಜನಕ ಹೊತ್ತ ಐಎನ್‌ಎಸ್ ತಲ್ವಾರ್ ನವಮಂಗಳೂರು ಬಂದರಿಗೆ ಬಂದು ನಿಂತಿತ್ತು. ಅಲ್ಲಿಯೂ ಆಗ ಕೊರೊನಾ ಇತ್ತು. ಆದರೂ ಕೊಟ್ಟರು.

ಹಾಗಾಗಿ ಕೊಡಬೇಕೋ ಬೇಡವೋ ಎಂಬುದು ನಮ್ಮ ಚರ್ಚೆಯಲ್ಲ. ಹೇಗೆ ಕೊಡಬೇಕು ಎಂಬುದು.

ಇದಕ್ಕೆ ಸೋಮಾಲಿಲ್ಯಾಂಡಿನ ಹರ್ಗೀಸಾ ಪಟ್ಟಣದ ಒಂದು ಆಸ್ಪತ್ರೆಯನ್ನು ನೋಡಬಹುದು. ಹಜ್ ಸಮಯದಲ್ಲಿ ಸೌದಿಗೆ ಹಡಗುಗಟ್ಟಲೆ ಆಡು ಕುರಿಗಳು ಹೋಗುವ ಬರ್ಬೆರಾ ಬಂದರು ಇರುವುದು ಇದೇ ನಾಡಿನಲ್ಲಿ. 1988ರಲ್ಲಿ ಸ್ವಂತ ಸರಕಾರದ ವಿಮಾನಗಳೇ ಬಾಂಬು ಹಾಕಿ ಹರ್ಗೀಸಾವನ್ನು ನೆಲಸಮ ಮಾಡಿದ್ದವು. 1991ರಲ್ಲಿ ಈ ಭಾಗ ಸ್ವತಂತ್ರವೆಂದು ಘೋಷಿಸಿಕೊಂಡರೂ ಬಹುತೇಕ ದೇಶಗಳು ಅದಕ್ಕೆ ಮಾನ್ಯತೆ ಕೊಡಲಿಲ್ಲ. ಅಲ್ಲಿ ಹುಟ್ಟಿ, ಬ್ರಿಟನ್‌ನಲ್ಲಿ ಶುಶ್ರೂಷೆ ಮತ್ತು ಸೂಲಗಿತ್ತಿ ತರಬೇತಿ ಪಡೆದು, ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ ಎಡ್ನಾ ಆದನ್ ಇಸ್ಮಾಯಿಲ್ ತನ್ನ ಪಿಂಚಣಿ ಹಣ ಹಾಕಿ, ಕಾರು ಸಹಿತ ಇದ್ದಬದ್ದದ್ದನ್ನು ಮಾರಿ, ಕಸ ಸುರಿಯುತ್ತಿದ್ದ ಜಾಗದಲ್ಲಿ ಹೆರಿಗೆ ಆಸ್ಪತ್ರೆ ಕಟ್ಟಲು ಹೊರಟರು. ಗೋಡೆ ಎದ್ದಿತು, ಮಾಡಿಗೆ ದುಡ್ಡಿಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿದ ಅಮೆರಿಕದ ಕೆಲವು ಮಹಿಳೆಯರು ಹಣ ಕೂಡಿಸಿದರು. 2002ರಲ್ಲಿ ಆಸ್ಪತ್ರೆ ತೆರೆಯಿತು.

ಅಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಒಂದು ಫಿಸ್ಟುಲಾದ್ದು. ಹೆರಿಗೆ ನೋವು ಎರಡು ಮೂರು ದಿನ ಎಳೆದು, ಸಕಾಲಕ್ಕೆ ಸಿಸೇರಿಯನ್ ಸಿಗದಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು ಬೀಳುತ್ತದೆ. ಮಗು ಹೆಚ್ಚಾಗಿ ಉಳಿಯುವುದಿಲ್ಲ. ತಾಯಿಗೆ ಹಗಲು ರಾತ್ರಿ ಮೂತ್ರ ಸೋರುತ್ತದೆ. ವಾಸನೆ ಎಂದು ಜನ ದೂರ ಸರಿಯುತ್ತಾರೆ, ಎಷ್ಟೋ ಕಡೆ ಗಂಡನೂ ಬಿಡುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 50 ಸಾವಿರದಿಂದ 1 ಲಕ್ಷ ಮಹಿಳೆಯರಿಗೆ ಹೀಗಾಗುತ್ತದೆ.

ಇದನ್ನು ಸರಿಪಡಿಸಲು ಕೋಟಿ ರೂಪಾಯಿಯ ಯಂತ್ರ ಬೇಡ. ಒಳ್ಳೆಯ ಬೆಳಕು, ಸರಿಯಾದ ಟೇಬಲ್, ಸಕ್ಷನ್ ಯಂತ್ರ, ಉಪಕರಣ ಶುದ್ಧ ಮಾಡುವ ಆಟೋಕ್ಲೇವ್, ಹೊಲಿಗೆಯ ದಾರ, ಕ್ಯಾಥೆಟರ್. ಜೊತೆಗೆ ಕೈ ಪಳಗಿದ ವೈದ್ಯರು, ಕರೆಂಟು, ನೀರು. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದೆಲ್ಲ ಇದ್ದು ಪ್ರಯೋಜನವಿಲ್ಲ.

ನಾವು ಎಡವುವುದು ಇಲ್ಲೇ. 16 ದೇಶಗಳ ಸುಮಾರು 1 ಲಕ್ಷ 12 ಸಾವಿರ ವೈದ್ಯಕೀಯ ಉಪಕರಣಗಳ ಲೆಕ್ಕ ತೆಗೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬಡ ದೇಶಗಳಲ್ಲಿ ನೂರಕ್ಕೆ ಸುಮಾರು 38 ಉಪಕರಣಗಳು ಕೆಲಸ ಮಾಡುತ್ತಿರಲಿಲ್ಲ. ಬಳಸಲು ತರಬೇತಿ ಇಲ್ಲ, ನೋಡಿಕೊಳ್ಳುವ ವ್ಯವಸ್ಥೆ ಇಲ್ಲ, ಕರೆಂಟು ನೀರು ಸರಿ ಇಲ್ಲ. ಕಾರಣ ಇಷ್ಟೇ. ಅಮೆರಿಕದ 110 ವೋಲ್ಟ್ ಯಂತ್ರವನ್ನು 220 ವೋಲ್ಟ್ ಇರುವ ಊರಲ್ಲಿ ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಏನಾಗುತ್ತದೆ ಎಂದು ನಮ್ಮ ಇಲೆಕ್ಟ್ರಿಷಿಯನ್ ಹುಡುಗರನ್ನು ಕೇಳಿ, ಹೇಳಿಯಾರು. ಕೆಟ್ಟ ಯಂತ್ರ ಆ ಆಸ್ಪತ್ರೆಗೆ ದಾನವಲ್ಲ, ಜಾಗ ತಿನ್ನುವ ಹೊರೆ.

ಸರಿಯಾಗಿ ಮಾಡಿದ ಉದಾಹರಣೆಯೂ ಉಂಟು. ಸರ್ಜನ್, ಲೇಖಕ ಅತುಲ್ ಗವಾಂಡೆ ಮತ್ತು ಸಂಗಡಿಗರು 2011ರಲ್ಲಿ ಶುರು ಮಾಡಿದ ‘ಲೈಫ್‌ಬಾಕ್ಸ್’ ಸಂಸ್ಥೆ ಆಪರೇಷನ್ ವೇಳೆ ರಕ್ತದ ಆಮ್ಲಜನಕ ಅಳೆಯುವ ಗಟ್ಟಿಮುಟ್ಟಾದ ಆಕ್ಸಿಮೀಟರ್ ಕೊಡುತ್ತದೆ. ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯುತ್ತದೆ, ಜೊತೆಗೆ ತರಬೇತಿಯೂ ಇದೆ. ಎಡ್ನಾ ಅವರೂ ಕಟ್ಟಡಕ್ಕೆ ನಿಲ್ಲಲಿಲ್ಲ. ಅದೇ ನಾಡಿನ ಹೆಣ್ಣುಮಕ್ಕಳಿಗೆ ನರ್ಸಿಂಗ್, ಸೂಲಗಿತ್ತಿ ತರಬೇತಿ ಕೊಟ್ಟರು. ದಾನ ಉಳಿದದ್ದು ಅದರಿಂದ.

ಆದ್ದರಿಂದ ಮುಂದಿನ ಸಲ ಇಂಥ ಮನವಿ ಬಂದಾಗ ಹಣ ಹಾಕುವ ಮುನ್ನ ನಾಲ್ಕು ಮಾತು ಕೇಳೋಣ. ಈ ಯಂತ್ರ ಬೇಕೆಂದು ಕೇಳಿದ್ದು ಆಸ್ಪತ್ರೆಯೋ, ಕೊಡುವವರೋ? ಅದನ್ನು ನಡೆಸುವವರು ಅಲ್ಲಿ ಇದ್ದಾರೆಯೇ? ಬಿಡಿಭಾಗ ಎಲ್ಲಿ ಸಿಗುತ್ತದೆ? ಕೆಟ್ಟರೆ ರಿಪೇರಿ ಖರ್ಚು ಯಾರದ್ದು? ಉತ್ತರವಿಲ್ಲದಿದ್ದರೆ ಆ ಹಣವನ್ನು ದಾರ, ಕ್ಯಾಥೆಟರ್, ತಂತ್ರಜ್ಞನ ಸಂಬಳಕ್ಕೆ ಕೊಡಬಹುದೇ ಎಂದು ವಿಚಾರಿಸೋಣ. ಅದಕ್ಕೆ ರಿಬ್ಬನ್ ಕತ್ತರಿಸಲಾಗದು, ನಿಜ.

ಗಲ್ಫ್‌ನ ನಮ್ಮವರಿಗೆ ಇನ್ನೊಂದು ಮಾತು. ಯುಎಇಯಲ್ಲಿ ಪರವಾನಿಗೆ ಇಲ್ಲದೆ ಚಂದಾ ಎತ್ತುವುದು ಶಿಕ್ಷಾರ್ಹ ಅಪರಾಧ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಅವಸರ ಬೇಡ, ಅಧಿಕೃತ ಸಂಸ್ಥೆಗಳ ಮೂಲಕವೇ ಕೊಡಿ.

ಕೊಟ್ಟ ದಿನದ ಫೋಟೊ ಬೇಡವೆನ್ನುವುದಿಲ್ಲ. ಆದರೆ ಎರಡು ವರ್ಷದ ನಂತರ ಇನ್ನೊಂದು ಫೋಟೊ ಕೇಳೋಣ. ಅದರಲ್ಲಿ ನಾವು ಯಾರೂ ಇರಬೇಕಾಗಿಲ್ಲ. ಆಪರೇಷನ್ ಟೇಬಲಿನ ಮೇಲಿನ ದೀಪ ಉರಿಯುತ್ತಿದ್ದರೆ ಸಾಕು.