ಎರಡು ಖಾತೆಗೆ ಎರಡು ಕೀಲಿ
2021ರ ಆಗಸ್ಟ್ 13ರಂದು ಗಿಟ್‌ಹಬ್, ಪಾಸ್‌ವರ್ಡ್ ಕೊಟ್ಟು ಕೋಡ್ ಕಳಿಸುವ ದಾರಿಯನ್ನು ಮುಚ್ಚಿತು. ಅಂದಿನಿಂದ ಟೋಕನ್ ಇಲ್ಲವೇ ಎಸ್‌ಎಸ್‌ಎಚ್ ಕೀಲಿ ಬೇಕೇ ಬೇಕು. ಒಂದೇ ಖಾತೆ ಇದ್ದವರಿಗೆ ತೊಡಕಿಲ್ಲ. ಕಚೇರಿಗೊಂದು, ಸ್ವಂತಕ್ಕೊಂದು ಖಾತೆ ಇಟ್ಟುಕೊಂಡವರಿಗೇ ಪೇಚಾಟ: ಒಂದು ಖಾತೆಗೆ ಸೇರಿಸಿದ ಕೀಲಿಯನ್ನು ಗಿಟ್‌ಹಬ್ ಇನ್ನೊಂದಕ್ಕೆ ಒಪ್ಪುವುದಿಲ್ಲ. ಒಪ್ಪದಿರುವುದೇ ಸರಿ, ಅಲ್ಲಿ ಎಸ್‌ಎಸ್‌ಎಚ್ ಮೂಲಕ ಬರುವ ಎಲ್ಲರ ಬಳಕೆದಾರ ಹೆಸರೂ ‘ಗಿಟ್’ ಎಂದೇ ಇರುತ್ತದೆ, ಬಂದವರು ಯಾರೆಂದು ಹೇಳುವುದು ಕೀಲಿಯೊಂದೇ. ಎರಡು ಕೀಲಿ ಮಾಡಿಕೊಂಡರೂ ಕಥೆ ಮುಗಿಯದು. ಎಸ್‌ಎಸ್‌ಎಚ್ ಏಜೆಂಟ್‌ನಲ್ಲಿರುವ ಕೀಲಿಗಳು ಒಂದೊಂದಾಗಿ ಸರ್ವರ್ ಮುಂದೆ ಹೋಗುತ್ತವೆ. ಮೊದಲು ಗುರುತು ಸಿಕ್ಕ ಕೀಲಿಯ ಖಾತೆಯೇ ಗಟ್ಟಿ. ಕಚೇರಿಯ ಖಾಸಗಿ ರೆಪೊಸಿಟರಿ ಇದ್ದಲ್ಲೇ ಇದ್ದರೂ ‘ಸಿಗಲಿಲ್ಲ’ ಎಂಬ ಉತ್ತರ ಬರುವುದು ಇದಕ್ಕೇ. ಪರಿಹಾರ ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲಿನಲ್ಲಿದೆ: ಒಂದೊಂದು ಖಾತೆಗೂ ಒಂದೊಂದು ಅಡ್ಡಹೆಸರಿನ ಹೋಸ್ಟ್, ಅದರಡಿ ಆಯಾ ಕೀಲಿಯ ಫೈಲ್, ಜೊತೆಗೆ ‘ಐಡೆಂಟಿಟೀಸ್‌ಓನ್ಲಿ ಯೆಸ್’. ಈ ಕೊನೆಯ ಸಾಲು ಸುಲಭವಾಗಿ ಬಿಟ್ಟುಹೋಗುತ್ತದೆ, ಬಿಟ್ಟರೆ ಏಜೆಂಟ್‌ನ ಬೇರೆ ಕೀಲಿಗಳು ಮತ್ತೆ ನಡುವೆ ತೂರಿಕೊಳ್ಳುತ್ತವೆ. ರೆಪೊಸಿಟರಿಯ ವಿಳಾಸದಲ್ಲೂ ಅದೇ ಅಡ್ಡಹೆಸರು ಇರಬೇಕು. ಕೀಲಿ ಸರಿಹೋದ ಮಾತ್ರಕ್ಕೆ ಕಮಿಟ್‌ನ ಇಮೇಲ್ ಸರಿಹೋಗದು. ಅದು ಗಿಟ್‌ನದೇ ಬೇರೆ ಲೆಕ್ಕ. 2017ರಲ್ಲಿ ಗಿಟ್ 2.13ರೊಂದಿಗೆ ಬಂದ ‘ಇನ್‌ಕ್ಲೂಡ್‌ಇಫ್’ ಬಳಸಿದರೆ ಫೋಲ್ಡರಿಗೆ ತಕ್ಕ ಇಮೇಲ್ ತಾನಾಗಿ ಕೂಡಿಕೊಳ್ಳುತ್ತದೆ. ಕೆಲಸ ಬದಲಿಸುವವರು ಕಚೇರಿಯ ಲ್ಯಾಪ್‌ಟಾಪ್ ಹಿಂದಿರುಗಿಸುವ ಮೊದಲು, ಅದರಲ್ಲಿರುವ ಕೀಲಿಯನ್ನು ತಮ್ಮ ಸ್ವಂತ ಖಾತೆಯಿಂದ ದಯವಿಟ್ಟು ತೆಗೆದುಹಾಕಲಿ.