ಹೊಸ ಆಟದೊಳಗೆ ಹಳೆಯ ಆಟವೂ ಇರಲಿ

1985ರ 'ಸೂಪರ್ ಮಾರಿಯೊ ಬ್ರದರ್ಸ್' ಟಿವಿಗೆಂದೇ ಹುಟ್ಟಿದ ಆಟ. ಅದರ ಚಿತ್ರದ ಅಗಲ 256 ಪಿಕ್ಸೆಲ್, ಎತ್ತರ 240. ನಿಂಟೆಂಡೊ 1999ರಲ್ಲಿ ಅದನ್ನು ಗೇಮ್ ಬಾಯ್ ಕಲರ್‌ಗೆ ತಂದಾಗ ಸಿಕ್ಕ ಪರದೆ ಬರೀ 160ಕ್ಕೆ 144. ಮಾರಿಯೊನ ಗಾತ್ರ ಹಾಗೇ ಉಳಿಯಿತು, ಕುಗ್ಗಿದ್ದು ಆಟಗಾರನ ನೋಟ. ಮುಂದಿರುವುದು ಹೊಂಡವೋ ನೆಲವೋ ಎಂದು ಕಾಣುವಷ್ಟರಲ್ಲಿ ಮಾರಿಯೊ ಜಿಗಿದಾಗಿರುತ್ತಿತ್ತು. ಗುಂಡಿ ಒತ್ತಿ ಮೇಲೆ ಕೆಳಗೆ ಇಣುಕುವ ಅನುಕೂಲವನ್ನೇನೋ ಕೊಟ್ಟರು. ಆದರೆ ಓಡುತ್ತಲೇ ಅಳೆದು ಹಾರಬೇಕಾದ ಆಟದಲ್ಲಿ ನಿಂತು ಇಣುಕುವುದು ಲಯವನ್ನೇ ಮುರಿಯುತ್ತದೆ.

ಆದ್ದರಿಂದ ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗೆ ಹಳೆಯ ಆಟವನ್ನು ಹೊಸದಾಗಿ ಕಟ್ಟುವುದು ತಪ್ಪಲ್ಲ, ಎಷ್ಟೋ ಸಲ ಅದೇ ಸರಿಯಾದ ದಾರಿ. ಕ್ಯಾಪ್ಕಾಮ್ 1987ರ 'ಮೆಗಾ ಮ್ಯಾನ್' ಅನ್ನು 2006ರಲ್ಲಿ ಪಿಎಸ್‌ಪಿಯ ಅಗಲ ಪರದೆಗೆ ಪೂರ್ತಿ ಮರುರಚಿಸಿತು. ದೊಡ್ಡ ತಲೆ, ಗಿಡ್ಡ ಮೈಯ ಪಾತ್ರಗಳು ಬಂದವು. ಆರು ರೋಬೊ ಎದುರಾಳಿಗಳ ಜೊತೆಗೆ ಇನ್ನಿಬ್ಬರು ಸೇರಿದರು. ಆಟಗಾರರು ತಾವೇ ಹಂತಗಳನ್ನು ಕಟ್ಟಬಹುದಾಯಿತು.

ಪ್ರಶ್ನೆ ಇರುವುದು ಮೂಲದ ಗತಿ ಏನಾಯಿತು ಎಂಬಲ್ಲಿ.

1986ರ 'ಮೆಟ್ರಾಯ್ಡ್'ನಲ್ಲಿ ನಕ್ಷೆಯೇ ಇರಲಿಲ್ಲ. ದಾರಿ ತಪ್ಪದಿರಲು ಆಟಗಾರರು ಕಾಗದದ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದರು. 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ಅದರ ಮರುನಿರ್ಮಾಣ 'ಜೀರೊ ಮಿಷನ್' ನಕ್ಷೆ ಕೊಟ್ಟಿತು, ಮುಂದಿನ ಗುರಿ ತೋರಿಸಿತು, ಕಥೆಯನ್ನೂ ಬೆಳೆಸಿತು. ಅದನ್ನು ಮುಗಿಸಿದವರಿಗೆ ಅದೇ ಕಾರ್ಟ್ರಿಜ್‌ನಲ್ಲಿ ಮೂಲ ಆಟವೂ ತೆರೆದುಕೊಳ್ಳುತ್ತಿತ್ತು. ಏನು ಬದಲಾಯಿತು, ಏನು ಕಳೆದುಹೋಯಿತು ಎಂದು ಆಡಿಯೇ ತಿಳಿಯುವ ಅವಕಾಶವದು. ಜಾಗದ ನೆಪಕ್ಕೂ ಎಡೆಯಿಲ್ಲ: ಹೊಸ ಕಾರ್ಟ್ರಿಜ್ 8 ಮೆಗಾಬೈಟ್, ಮೂಲ ಆಟ ಕೇವಲ 128 ಕಿಲೋಬೈಟ್.

ಕೊನಾಮಿಯೂ ಇಂಥದೇ ಔದಾರ್ಯ ತೋರಿತು. 1993ರಲ್ಲಿ ಜಪಾನಿನಲ್ಲಷ್ಟೇ ಬಿಡುಗಡೆಯಾಗಿದ್ದ 'ರಾಂಡೊ ಆಫ್ ಬ್ಲಡ್' 2007ರಲ್ಲಿ ಪಿಎಸ್‌ಪಿಗೆ ಹೊಸ ರೂಪದಲ್ಲಿ ಬಂದಾಗ ಮೂಲವೂ ಅದೇ ಡಿಸ್ಕಿನಲ್ಲಿತ್ತು. ಆದರೆ ಅದನ್ನು ಆಟದೊಳಗೆ ಅಡಗಿಸಿಟ್ಟಿದ್ದರು. ಹದಿನಾಲ್ಕು ವರ್ಷ ಕಾದವರು ಅದನ್ನು ಮತ್ತೆ ಹುಡುಕಬೇಕಿತ್ತು.

2017ರಲ್ಲಿ ನಿಂಟೆಂಡೊ 3ಡಿಎಸ್‌ಗೆ ಬಂದ 'ಸ್ಯಾಮಸ್ ರಿಟರ್ನ್ಸ್' ಈ ಪದ್ಧತಿಯನ್ನು ಕೈಬಿಟ್ಟಿತು. ಅದು 1991ರ 'ಮೆಟ್ರಾಯ್ಡ್ 2'ರ ಒಳ್ಳೆಯ ಮರುನಿರ್ಮಾಣವೇ, ಆದರೆ ಮೂಲ ಆಟ ಅದರೊಳಗಿಲ್ಲ. 2023ರ ಮಾರ್ಚ್‌ನಲ್ಲಿ ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಲ್ಲಿಸಿದ ಮೇಲೆ ಆ ಕನ್ಸೋಲ್‌ನಲ್ಲಿ ಎರಡನ್ನೂ ಡೌನ್‌ಲೋಡ್‌ಗೆ ಕೊಳ್ಳುವ ದಾರಿ ಮುಚ್ಚಿತು. ಮೂಲ ಆಟ ಸ್ವಿಚ್‌ನ ಚಂದಾದಾರರಿಗೆ ಸಿಗುತ್ತದೆ, ಚಂದಾ ಕಟ್ಟುವವರೆಗೆ ಮಾತ್ರ.

ಅಮೆರಿಕದಲ್ಲಿ ಹಿಂದೆ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲಿಲ್ಲ ಎಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ವರದಿ ಮಾಡಿತು. ಇಂಥ ಹೊತ್ತಿನಲ್ಲಿ ಮರುನಿರ್ಮಾಣಕ್ಕೆ ಕೈಹಾಕುವ ಕಂಪನಿ ಮೂಲವನ್ನೂ ಜೊತೆಗೆ ಕೊಡಲೇಬೇಕು. ಅದೂ ಗೆದ್ದವರಿಗೆ ಸಿಗುವ ಬಹುಮಾನವಾಗಿ ಅಲ್ಲ, ಆಟ ತೆರೆದೊಡನೆ ಕಾಣುವ ಮೆನುವಿನಲ್ಲಿ.