ವಿಷಯಗಳ ಬೇಲಿಯೂ ಕೊತ್ತತ್ತಿಯ ವಿದ್ಯಾರ್ಥಿಯೂ

ದ್ವಿತೀಯ ಪಿ.ಯು.ಸಿ. ಮುಗಿಸಿ ಕೊತ್ತತ್ತಿ ಹೋಬಳಿಯ ಹಳ್ಳಿಗಳಿಂದ ಮಂಡ್ಯದ ಪದವಿ ಕಾಲೇಜಿಗೆ ಬಸ್ಸೇರಿ ಬರುವ ಹುಡುಗ ಹುಡುಗಿಯರಿಗೆ ಪ್ರವೇಶದ ಕೌಂಟರಿನಲ್ಲಿ ಎದುರಾಗುವ ಮೊದಲ ಪ್ರಶ್ನೆ 'ಕಾಂಬಿನೇಷನ್ ಯಾವುದು?' ಎಂಬುದು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪೋ, ಭೌತ, ರಸಾಯನ, ಗಣಿತಗಳ ಗುಂಪೋ, ಬಿ.ಕಾಂ. ಪದವಿಯೋ ಎಂದು ಆ ಕ್ಷಣದಲ್ಲಿ ಕೊಟ್ಟ ಉತ್ತರವು ಹದಿನೆಂಟರ ಹರೆಯದ ಕುತೂಹಲಕ್ಕೆಲ್ಲ ಎಲ್ಲೆಯನ್ನು ಗೊತ್ತುಮಾಡಿಬಿಡುತ್ತದೆ. ಸಸ್ಯಶಾಸ್ತ್ರದೊಡನೆ ಇತಿಹಾಸವನ್ನೂ, ಗಣಿತದೊಡನೆ ಕನ್ನಡ ಸಾಹಿತ್ಯವನ್ನೂ ಆಳವಾಗಿ ಓದಬೇಕೆಂಬ ಅಪೇಕ್ಷೆಗೆ ಅರ್ಜಿಯ ಹಾಳೆಯಲ್ಲಿ ಸ್ಥಳ ದೊರೆಯುವುದು ದುರ್ಲಭ. ಈ ಬೇಲಿ ತೆಗೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬದುಕಿನ ಸಮಸ್ಯೆಗಳು ಒಂದೇ ವಿಷಯದ ಬೇಲಿಯೊಳಗೆ ನಿಲ್ಲುವುದಿಲ್ಲ; ಕಬ್ಬು ಬೆಳೆಯುವ ಒಂದು ಕುಟುಂಬದ ಕಷ್ಟವನ್ನೇ ನೋಡಿರಿ. ನಾಲೆಯ ಕೊನೆಭಾಗಕ್ಕೆ ನೀರು ಹತ್ತದಿರುವುದು ಎಂಜಿನಿಯರಿಂಗಿನ ಮಾತು. ಅತಿಯಾದ ನೀರಿನಿಂದ ಮಣ್ಣು ಚೌಳಾಗುವುದು ರಸಾಯನಶಾಸ್ತ್ರದ ಮಾತು. ಕಬ್ಬಿನ ದರ ಅರ್ಥಶಾಸ್ತ್ರಕ್ಕೂ ರಾಜಕಾರಣಕ್ಕೂ ಸೇರಿದ್ದು. ಅಣ್ಣತಮ್ಮಂದಿರ ಪಾಲುಪಾರೀಕತ್ತು ಕಾನೂನಿಗೆ ಸೇರಿದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಕೀಟ ಮತ್ತು ಸಸ್ಯರೋಗಗಳ ಅಧ್ಯಯನದಲ್ಲಿ ಪಳಗಿದ ವಿಜ್ಞಾನಿಗಳಾಗಿದ್ದರೂ, ನಾಲೆಯ ನೀರು ಬಂದ ಮೇಲೆ ರೈತನ ಬೆಳೆಗೆ ಮಾರುಕಟ್ಟೆಯೆಲ್ಲಿ ಎಂದು ಚಿಂತಿಸಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯ ಸ್ಥಾಪನೆಗೆ ಶ್ರಮಿಸಿದರು.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನವೊಂದು ಇದೇ ಸೀಮೆಯಲ್ಲಿದೆ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅರ್ಥಶಾಸ್ತ್ರವನ್ನೂ ಸಮಾಜ ಮಾನವಶಾಸ್ತ್ರವನ್ನೂ ಕೂಡಿಸಿ ಕಲಿತ ವಿದುಷಿ. 1954ರಿಂದ 1956ರವರೆಗೆ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿದ್ದು, ಅವುಗಳಿಗೆ ವಾಂಗಲಾ, ಡಾಲೆನಾ ಎಂಬ ಕಲ್ಪಿತ ಹೆಸರುಗಳನ್ನಿತ್ತು, 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಾಲೆಯ ನೀರು ಹರಿದ ಹಳ್ಳಿಯಲ್ಲಿ ಹಣ ಹೆಚ್ಚಿದರೂ ಒಕ್ಕಲು ಮತ್ತು ಆಳುಗಳ ವಂಶಪಾರಂಪರ್ಯ ಸಂಬಂಧ ಬಹುಮಟ್ಟಿಗೆ ಹಾಗೆಯೇ ಉಳಿದಿತ್ತು. ನೀರು ಕಾಣದ ಹಳ್ಳಿಯಾದರೋ, ಪೇಟೆಯ ಉದ್ಯೋಗ ವ್ಯಾಪಾರಗಳನ್ನರಸಿ ಹೊರಟು, ಹೆಚ್ಚಾಗಿ ಬದಲಾಗಿತ್ತು. ಆದಾಯದ ಲೆಕ್ಕವನ್ನಷ್ಟೇ ಬಲ್ಲವರಿಗಾಗಲಿ ಜಾತಿ ಸಂಬಂಧಗಳನ್ನಷ್ಟೇ ಬಲ್ಲವರಿಗಾಗಲಿ ಈ ಸತ್ಯ ಗೋಚರಿಸುತ್ತಿರಲಿಲ್ಲ. ನಮ್ಮ ಹಳ್ಳಿಗಳನ್ನು ಹೀಗೆ ಅರಿಯಬಲ್ಲವರು ನಮ್ಮ ಮಕ್ಕಳಲ್ಲಿಯೇ ಏಕೆ ಹುಟ್ಟಬಾರದು?

2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲಿ ಮೊದಲಿಗೆ ಜಾರಿಗೆ ತಂದ ಕರ್ನಾಟಕ, ನಾಲ್ಕು ವರ್ಷದ ಆನರ್ಸ್ ಪದವಿಯನ್ನೂ ಅನ್ಯವಿಭಾಗದ ವಿಷಯವನ್ನು ಓದಿಸುವ ಓಪನ್ ಎಲೆಕ್ಟಿವನ್ನೂ ತಂದಿತು; ರಾಜ್ಯದ್ದೇ ಶಿಕ್ಷಣ ನೀತಿಗಾಗಿ ರಚಿತವಾದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮೂರು ವರ್ಷದ ಪದವಿ ಮರಳಿತು. ಬಡವರ ಮನೆಗೆ ನಾಲ್ಕನೆಯ ವರ್ಷ ಭಾರವೆಂಬ ಮಾತು ನಿಜವಾದುದರಿಂದ ಈ ಹಿಂತಿರುಗುವಿಕೆಯನ್ನು ನಾನು ಆಕ್ಷೇಪಿಸೆನು. ವರ್ಷ ಕಡಿಮೆಯಾದೊಡನೆ ವೈಶಾಲ್ಯವೂ ಕಡಿಮೆಯಾಗಬೇಕೆಂಬ ನಿಯಮವಿಲ್ಲವೆಂದಷ್ಟೇ ನನ್ನ ವಾದ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಗಳಲ್ಲಿ ಇಂಥ ಬಹುಶಾಸ್ತ್ರೀಯ ಶಿಕ್ಷಣ ಲಭಿಸುತ್ತಿದೆಯಾದರೂ, ಬೋಧನೆ ಇಂಗ್ಲಿಷಿನಲ್ಲಿ. ವಿದ್ಯಾರ್ಥಿವೇತನ ದೊರೆತರೂ ಕನ್ನಡದಲ್ಲಿ ಓದಿ ಬಂದ ಹಳ್ಳಿಯ ಹುಡುಗಿಗೆ ಆ ಬಾಗಿಲು ಅರ್ಧವೇ ತೆರೆದಿರುವುದು.

ಎಲ್ಲವನ್ನೂ ಮೇಲುಮೇಲಕ್ಕೆ ಕಲಿತರೆ ಕೆಲಸ ಕೊಡುವವರಾರು ಎಂದು ತಂದೆತಾಯಿಗಳು ಕೇಳುವುದು ನ್ಯಾಯವೇ. ಒಂದು ವಿಷಯದಲ್ಲಿ ಆಳವಾದ ಪರಿಶ್ರಮವಿರಲೇಬೇಕು; ಅದರೊಡನೆ ಬೇರೆ ವಿಭಾಗದ ಎರಡನೆಯ ವಿಷಯವೊಂದನ್ನು ಮೂರು ವರ್ಷವೂ ಕ್ರಮವಾಗಿ, ಪರೀಕ್ಷೆಯ ಗೌರವದೊಡನೆ ಓದುವ ಹಕ್ಕಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ. ವೇಳಾಪಟ್ಟಿಯ ಸಡಿಲಿಕೆ ಬೇಕು, ಅತಿಥಿ ಉಪನ್ಯಾಸಕರ ಮೇಲೆಯೇ ಭಾರ ಹೊರಿಸದೆ ಖಾಯಂ ಅಧ್ಯಾಪಕರನ್ನು ನೇಮಿಸುವ ಮನಸ್ಸು ಬೇಕು, ಕನ್ನಡದಲ್ಲಿ ಒಳ್ಳೆಯ ಪಠ್ಯಗಳು ಬೇಕು. ಮುಂದಿನ ಪ್ರವೇಶದ ವೇಳೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸರ್ಕಾರಿ ಕಾಲೇಜುಗಳಲ್ಲಿ ಈ ಕಾರ್ಯವನ್ನು ಆರಂಭಿಸುವಂತೆ ಉನ್ನತ ಶಿಕ್ಷಣ ಇಲಾಖೆಯನ್ನು ಪ್ರಾರ್ಥಿಸುತ್ತೇನೆ.